ಪಾಯಿಂಟ್ ಇಲ್ಲದ ರವಿವಾರ: ಧಾರವಾಡದಿಂದ ಗಂಗಾವಳಿ ದಂಡೆಗೆ

ಶನಿವಾರ

ನಮ್ಮ ಮನೆಯವರಿಗೆ ಪ್ರವಾಸ ಅಂದರೆ ಪಟ್ಟಿ. ಬೆಳಿಗ್ಗೆ ಒಂದು ಗುಡಿ, ಹತ್ತಕ್ಕೆ ಫಾಲ್ಸ್, ಮಧ್ಯಾಹ್ನ ಕೋಟೆ, ಸಂಜೆ ಸನ್‌ಸೆಟ್ ಪಾಯಿಂಟ್. ಊರಿಗೆ ಬಂದ ಮೇಲೆ ಎರಡು ದಿನ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಬೇಕು. ಅದಕ್ಕೇ ಈ ಸಲ ನಾನು ಮೊದಲೇ ಷರತ್ತು ಹಾಕಿದೆ. ಸಮುದ್ರದ ಪಕ್ಕ ಇಡೀ ರವಿವಾರ ಕೂರುವುದು. ಏನೂ ನೋಡಬಾರದು.

"ಏನೂ ನೋಡದಿದ್ರ ಹೋಗೂದ್ಯಾಕ?" ಅಂದರು. ಆದರೂ ರೂಮು ಬುಕ್ ಮಾಡಿದರು.

ಮಾರ್ಚ್ ಮೊದಲ ವಾರವನ್ನು ಆರಿಸಿದ್ದು ನಾನೇ. ಆ ಹೊತ್ತಿಗೆ ಗೋಕರ್ಣದಲ್ಲಿ ಶಿವರಾತ್ರಿಯ ಗದ್ದಲ, ತೇರು ಎಲ್ಲ ಮುಗಿದಿತ್ತು. ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆಯ ಬಿಸಿ, ಹೀಗಾಗಿ ರೆಸಾರ್ಟುಗಳು ಅರ್ಧ ಖಾಲಿ. ಫೋನ್ ಮಾಡಿ ಸ್ವಲ್ಪ ಚೌಕಾಸಿ ಮಾಡಿದರೆ ಬಾಡಿಗೆಯೂ ಇಳಿಯುತ್ತದೆ. ಮಗ ಬೆಂಗಳೂರಿನಲ್ಲಿದ್ದಾನೆ, ಅತ್ತೆಯವರಿಗೆ ನಾದಿನಿ ಜೊತೆಗಿದ್ದಳು. ಡಿಕ್ಕಿಯಲ್ಲಿ ಕಟಕ ರೊಟ್ಟಿ, ಸೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಸೇಂಗಾ ಹೋಳಿಗೆ. ನಾವಿಬ್ಬರೂ ಮೀನು ತಿನ್ನುವವರಲ್ಲ. ಕರಾವಳಿಗೆ ಹೋಗುವಾಗ ರೊಟ್ಟಿ ಗಂಟು ಜೊತೆಗಿದ್ದರೇ ಧೈರ್ಯ.

ಧಾರವಾಡದಿಂದ ಕಲಘಟಗಿ ರಸ್ತೆ ಹಿಡಿದರೆ ಊರಾಚೆ ಸೋಮೇಶ್ವರ ಗುಡಿ. ಶಾಲ್ಮಲಾ ಹುಟ್ಟುವುದು ಅಲ್ಲೇ. ಮಾರ್ಚಿನಲ್ಲಿ ಅದನ್ನು ನದಿ ಅನ್ನಲು ಸ್ವಲ್ಪ ಧೈರ್ಯ ಬೇಕು. ಆದರೆ ಅದರ ದಾರಿ ಉದ್ದ. ಕಲಘಟಗಿ ಕಡೆ ಬೇಡ್ತಿ ಸೇರುತ್ತದೆ. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟದ ಕೆಳಗೆ ಅದೇ ನೀರು ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರಕ್ಕೆ ಹೋಗುತ್ತದೆ. ನಾವು ಗೊತ್ತು ಮಾಡಿದ್ದ ಜಾಗ ಆ ಅಳಿವೆಯ ಹತ್ತಿರವೇ ಇತ್ತು. "ಹಂಗಾರ ನಾವು ನಮ್ಮ ಹಳ್ಳದ ಹಿಂದ ಹೊಂಟೀವಿ" ಅಂದರು ಇವರು. ಪಟ್ಟಿ ಇಲ್ಲದಿದ್ದರೂ ಹೋಗುವುದಕ್ಕೆ ಒಂದು ಕಾರಣ ಸಿಕ್ಕಿದ್ದಕ್ಕೆ ಖುಷಿಯಾಗಿದ್ದರು.

ಕಲಘಟಗಿ ತೊಟ್ಟಿಲಿಗೆ ಹೆಸರಾದ ಊರು. ಮರದ ಮೇಲೆ ಕೆಂಪು, ಹಳದಿ ಬಣ್ಣ, ಚಿತ್ರ. ನಮ್ಮ ಮಗನನ್ನು ತೂಗಿದ್ದೂ ಅಂಥದ್ದರಲ್ಲೇ. ಈಗ ಅದರ ತುಂಬ ಹಳೇ ಪೇಪರ್ ಇದೆ.

ಅಲ್ಲಿಂದ ಮುಂದೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ. ಹಿಂದೆ 63 ಅಂತಿದ್ದದ್ದು ಈಗ 52. ಎಷ್ಟೋ ವರ್ಷದಿಂದ ಬರುತ್ತದೆ ಬರುತ್ತದೆ ಅಂತ ಕೇಳುತ್ತಿರುವ ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಬಂದಿಲ್ಲ, ಹೀಗಾಗಿ ಲಾರಿಗಳೆಲ್ಲ ಈ ರಸ್ತೆಯಲ್ಲೇ. ಕಿರವತ್ತಿ ದಾಟುವಷ್ಟರಲ್ಲಿ ಹೊಲಗಳು ಹಿಂದೆ ಉಳಿದು ತೇಗ, ಮತ್ತಿ ಶುರುವಾದವು. ಅಲ್ಲಲ್ಲಿ ಎಲೆ ಉದುರಿದ ಮುತ್ತುಗದ ಮರಗಳ ತುಂಬ ಕೇಸರಿ ಹೂವು. ಅವನ್ನು ನೋಡಲು ಗಾಡಿ ನಿಲ್ಲಿಸಿದ್ದು ನಾನೇ. ಷರತ್ತಿಗೆ ಇದು ಲೆಕ್ಕವಿಲ್ಲ.

ಯಲ್ಲಾಪುರದಲ್ಲಿ ಬನ್ಸ್, ಮಿಸಳ್ ಭಾಜಿ, ಮೇಲೊಂದು ಕಷಾಯ. ಬನ್ಸ್ ಅಂದರೆ ನಮ್ಮ ಬೇಕರಿ ಬನ್ ಅಲ್ಲ. ಬಾಳೆಹಣ್ಣು ಕಲಸಿದ ಹಿಟ್ಟಿನ ಪೂರಿ, ಸ್ವಲ್ಪ ಸಿಹಿ. ಖಾರದ ಭಾಜಿ ಜೊತೆ ತಿಂದರೆ ಇನ್ನೊಂದು ಬೇಕು ಅನ್ನಿಸುತ್ತದೆ, ಎರಡನೆಯದು ಮುಗಿಸುವಾಗ ಜಾಸ್ತಿ ಆಯ್ತು ಅನ್ನಿಸುತ್ತದೆ. ಹೋಟೆಲಿನಿಂದ ಹೊರಬಂದಾಗ ಮಾಗೋಡಿನ ಬೋರ್ಡು ಕಣ್ಣಿಗೆ ಬಿತ್ತು. ಇವರು ಗಾಡಿ ಸ್ಟಾರ್ಟ್ ಮಾಡಿ, ಗೇರ್ ಹಾಕದೆ ಕುಳಿತರು.

"ಬರೇ ಅರ್ಧ ತಾಸಿನ ದಾರಿ."

"ಮಾರ್ಚಿನ್ಯಾಗ ನೀರೆಲ್ಲಿರತೈತಿ? ನಡೀರಿ."

ಈ ದಾರಿಯಲ್ಲಿ ಬರುವವರು ಪೆಟ್ರೋಲು, ನೀರು, ಮಾತ್ರೆ ಎಲ್ಲ ಯಲ್ಲಾಪುರದಲ್ಲೇ ನೋಡಿಕೊಂಡರೆ ಒಳ್ಳೆಯದು. ಇಡಗುಂದಿ ದಾಟಿದ ಮೇಲೆ ಅರಬೈಲ್ ಘಟ್ಟ. ತಿರುವಿನ ಮೇಲೆ ತಿರುವು. ಮುಂದೆ ಹೋಗುವ ಲಾರಿಗಳ ಬ್ರೇಕ್ ಸುಟ್ಟ ವಾಸನೆ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಓವರ್‌ಟೇಕ್ ಮಾಡುವ ಆಸೆ ಬಿಟ್ಟುಬಿಡಬೇಕು. ಎರಡನೇ ಗೇರಿನಲ್ಲಿ ಸುಮ್ನೆ ಇಳಿಯುವುದೇ ಸರಿ. ಇಳಿದಂತೆಲ್ಲ ಗಾಳಿ ಬಿಸಿಯಾಯಿತು. ಧಾರವಾಡದಲ್ಲಿ ಹೊದ್ದುಕೊಂಡಿದ್ದ ಶಾಲು ರಾಮನಗುಳಿಯಲ್ಲಿ ಹಿಂದಿನ ಸೀಟಿಗೆ ಹೋಯಿತು, ತಿರುಗಿ ಬರಲಿಲ್ಲ.

ಅಂಕೋಲೆಯಲ್ಲಿ ಊಟ ಮುಗಿಸಿ ದಕ್ಷಿಣಕ್ಕೆ ತಿರುಗಿದೆವು. ಶಿರೂರು ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಚಹಾದ ಅಂಗಡಿ, ಲಾರಿ, ಜನ ಎಲ್ಲ ಮಣ್ಣಿನ ಜೊತೆ ನದಿಗೆ ಹೋದದ್ದನ್ನು ಟಿವಿಯಲ್ಲಿ ವಾರಗಟ್ಟಲೆ ನೋಡಿದ್ದೆವು. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ. ನಡುವೆ ರಸ್ತೆಗೆ ಉಳಿದ ಜಾಗ ಎಷ್ಟು ಅನ್ನುವುದು ಅಲ್ಲಿ ಹೋದಾಗಲೇ ಗೊತ್ತಾಗುವುದು. ಮಳೆಗಾಲದಲ್ಲಿ ಈ ಕಡೆ ಬರುವವರು ಹೊರಡುವ ಮೊದಲು ರಸ್ತೆ ಸುದ್ದಿ ಕೇಳಿಕೊಳ್ಳಬೇಕು. ಇದನ್ನು ಹೆದರಿಸಲು ಹೇಳುತ್ತಿಲ್ಲ.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ರಸ್ತೆಗೆ ಇಳಿದರೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಬೇಸಿಗೆ ಇವರಿಗೆ ಸುಗ್ಗಿ. ಮಣ್ಣಿನ ಬದು ಕಟ್ಟಿದ ಮಡಿಗಳು, ನಡುನಡುವೆ ಉಪ್ಪಿನ ರಾಶಿ. ಪೂರ್ತಿ ಬಿಳಿಯಲ್ಲ, ಸ್ವಲ್ಪ ಮಬ್ಬು ಬಣ್ಣ. ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬರು ಬದುವಿನ ಮೇಲೆ ಬುಟ್ಟಿ ಇಳಿಸಿ ನಿಂತಿದ್ದರು. ಉಪ್ಪು ಹೇಗೆ ಆಗುತ್ತದೆ ಅಂತ ಕೇಳಿದೆ. "ನಾವೆಂತ ಮಾಡೂದು, ನೀರು ಬಿಡೂದು. ಬಿಸಿಲು ಮಾಡ್ತದೆ" ಅಂದರು. ಅಷ್ಟು ಸುಲಭ ಅಲ್ಲ ಅನ್ನುವುದು ಅವರ ಅಂಗಾಲು ನೋಡಿದರೆ ಗೊತ್ತಾಗುತ್ತಿತ್ತು. ಬಿರುಕು ಬಿಟ್ಟು ಬೆಳ್ಳಗಾಗಿತ್ತು. ಇದೇ ಉಪ್ಪಿಗಾಗಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಕಾಯ್ದೆ ಮುರಿದದ್ದನ್ನು ಶಾಲೆಯಲ್ಲಿ ಓದಿದ್ದು ನೆನಪಾಯಿತು. ಆ ಪಾಠದಲ್ಲಿ ಅಂಗಾಲಿನ ಮಾತು ಇರಲಿಲ್ಲ.

ರೆಸಾರ್ಟ್ ಗೋಕರ್ಣದಿಂದ ಉತ್ತರಕ್ಕೆ, ಗಂಗಾವಳಿ ಕಡೆ. ಕೊನೆಯ ತಿರುವಿನಲ್ಲಿ ಮೊಬೈಲಿನ ನಕ್ಷೆ ಬಲಕ್ಕೆ ಅಂದಿತು. ಬಲಕ್ಕೆ ತಿರುಗಿದರೆ ರಸ್ತೆ ಮುಗಿದು ಮರಳು. ಗಾಡಿಯ ಮುಂದಿನ ಚಕ್ರ ಅರ್ಧ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು. ದೋಣಿಯ ನೆರಳಲ್ಲಿ ಕುಳಿತಿದ್ದ ಹುಡುಗರು ಎದ್ದು ಬಂದರು. ಅವರಿಗೆ ಇದು ದಿನದ ಕೆಲಸ ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಒಬ್ಬ ಮಾತಿಲ್ಲದೆ ಟೈರಿನ ಗಾಳಿ ಅರ್ಧ ಇಳಿಸಿದ. ಇನ್ನೊಬ್ಬ ತೆಂಗಿನ ಗರಿ ತಂದು ಚಕ್ರದ ಕೆಳಗೆ ತುರುಕಿದ. "ಎಕ್ಸಿಲೇಟರ್ ಮೆಲ್ಲ ಕೊಡಿ, ಮೆಲ್ಲ" ಅಂತ ಹಿಂದಿನಿಂದ ದೂಡಿದರು. ಗಾಡಿ ಎದ್ದು ಬಂತು. ಹಣ ಕೊಡಲು ಹೋದರೆ ಬೇಡ ಅಂದರು. ಹೋಳಿಗೆ ಡಬ್ಬಿ ತೆಗೆದಾಗ ಬೇಡ ಅನ್ನಲಿಲ್ಲ.

ಗಾಳಿಮರದ ತೋಪಿನಲ್ಲಿ ಕೆಂಪು ಹೆಂಚಿನ ಕೆಲವು ಕಾಟೇಜುಗಳು, ಎದುರಿಗೆ ಸಮುದ್ರ. ಅಷ್ಟೇ ರೆಸಾರ್ಟ್. ಬ್ಯಾಗು ಇಳಿಸುವ ಮೊದಲೇ ಇವರು ಮ್ಯಾನೇಜರನ್ನು ಹಿಡಿದರು. "ಇಲ್ಲಿ ನೋಡಾಕ ಏನೇನೈತಿ?"

"ಇಲ್ಲಿ ಎಂತದೂ ಇಲ್ಲ ಸರ್" ಅಂದ ಆ ಪುಣ್ಯಾತ್ಮ.

ರವಿವಾರ

ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಇವರಿಲ್ಲ. ಹೊರಗೆ ಬಂದರೆ ಪ್ಯಾಂಟು ಮೊಣಕಾಲಿಗೆ ಮಡಚಿ ಮೀನುಗಾರರ ಸಾಲಿನಲ್ಲಿ ಹಗ್ಗ ಎಳೆಯುತ್ತಿದ್ದರು. ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ದೊಡ್ಡದಾಗಿ ಸುತ್ತು ಹಾಕಿ ಬಲೆ ಬಿಟ್ಟು ಬರುತ್ತಾರೆ, ಆಮೇಲೆ ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತಾರೆ. ಎರಡು ಸಾಲಿನ ಜನ ಎಳೆಯುತ್ತ ಎಳೆಯುತ್ತ ಹತ್ತಿರ ಬರುತ್ತಾರೆ. ಮುಂದಿದ್ದವನು ಹಿಂದಕ್ಕೆ, ಹಿಂದಿದ್ದವನು ಮುಂದಕ್ಕೆ. ನಮ್ಮವರು ಎಲ್ಲಿ ನಿಂತರೂ ಅಡ್ಡವೇ. ಆದರೂ ಯಾರೂ ಬಯ್ಯಲಿಲ್ಲ.

ಬಲೆ ದಡಕ್ಕೆ ಬಂದಾಗ ಕಾಗೆ, ಹದ್ದು, ನಾಯಿ, ಬುಟ್ಟಿ ಹಿಡಿದ ಹೆಂಗಸರು ಎಲ್ಲ ಒಟ್ಟಿಗೆ ಸೇರಿದರು. ಮೀನು ಕಡಿಮೆಯೇ ಇತ್ತು. ಬಂಗಡೆ ಸ್ವಲ್ಪ, ಉಳಿದದ್ದೆಲ್ಲ ಸಣ್ಣವು. ಹಿರಿಯರೊಬ್ಬರು ಬುಟ್ಟಿಯನ್ನೇ ನೋಡುತ್ತ, "ಇಷ್ಟು ಜನಕ್ಕೆ ಇಷ್ಟು" ಅಂದರು. ಎಳೆದವರೆಲ್ಲರಿಗೂ ಪಾಲು ಇರುತ್ತದಂತೆ. ಇವರಿಗೂ ಒಂದು ಬಂಗಡೆ ಕೊಡಲು ಬಂದರು. ಲಿಂಗಾಯತರ ಮನೆಯ ಹಿರಿಮಗ ಕೈ ಮುಗಿದು ಹಿಂದೆ ಸರಿದ. ಎಲ್ಲರೂ ನಕ್ಕರು.

ಅದೇ ಹಿರಿಯರು ನನಗೆ ಸಮುದ್ರ ಓದುವುದನ್ನು ಹೇಳಿಕೊಟ್ಟರು. ನಾನು ನೀರಿಗೆ ಇಳಿಯಲು ಒಂದು ಶಾಂತವಾದ ಜಾಗ ಹುಡುಕುತ್ತಿದ್ದೆ. ಎರಡು ಕಡೆ ಬಿಳಿ ನೊರೆ, ನಡುವೆ ತೆರೆ ಒಡೆಯದ ಒಂದು ಪಟ್ಟಿ. ನೀರು ಸ್ವಲ್ಪ ಕಪ್ಪಗೆ, ತಣ್ಣಗೆ ಕಾಣುತ್ತಿತ್ತು. ಅತ್ತ ಹೆಜ್ಜೆ ಹಾಕಿದಾಗ ಕೂಗಿದರು. "ಅಲ್ಲಿ ಬೇಡ ತಂಗಿ. ತೆರೆ ಇಲ್ಲದ ಕಡೆಯೇ ನೀರು ಒಳಗೆ ಎಳೆಯೂದು."

ದಡಕ್ಕೆ ಬಂದ ನೀರೆಲ್ಲ ವಾಪಸ್ಸು ಹೋಗಲು ಒಂದು ಕಾಲುವೆ ಮಾಡಿಕೊಳ್ಳುತ್ತದೆ. ನೋಡಲು ಶಾಂತ, ಇಳಿದರೆ ಸೆಳೆತ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ದಣಿಯಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತದ ಪಟ್ಟಿ ಅಗಲವಿರುವುದಿಲ್ಲ, ದಾಟಿದರೆ ತೆರೆಯೇ ದಡಕ್ಕೆ ತರುತ್ತದೆ. "ನಿಮ್ಮ ಘಟ್ಟದ ಮೇಲಿನವರಿಗೆ ಇದು ಗೊತ್ತಾಗೂದಿಲ್ಲ. ಕೆರೆ ಅಂದ್ಕೊಂಡು ಇಳೀತಾರೆ" ಅಂದರು. ಪ್ರತಿ ವರ್ಷ ನಮ್ಮ ಕಡೆಯ ಹುಡುಗರ ಸುದ್ದಿ ಪೇಪರಿನಲ್ಲಿ ಓದುತ್ತೇವೆ ಅಲ್ವಾ? ಅಷ್ಟು ಓದಿದರೂ ಈ ಒಂದು ಮಾತು ಎಲ್ಲೂ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ನಾನು ನೊರೆ ಇರುವ ಕಡೆಯೇ ಇಳಿದೆ, ಅದೂ ಮೊಣಕಾಲಿನವರೆಗೆ.

ತಿಂಡಿಗೆ ಅಡುಗೆಮನೆಯವರು ಅವಲಕ್ಕಿ ಮಾಡಿದ್ದರು. ನಾನು ರೊಟ್ಟಿ ಗಂಟು ಬಿಚ್ಚಿದೆ. ಅಡುಗೆಯ ಅಕ್ಕ ಬಂದು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ಹಪ್ಪಳವಾ?" ಹಿಂಡಿ, ಮೊಸರು ಹಚ್ಚಿ ಕೊಟ್ಟೆ. ತಿಂದು, ಇನ್ನೊಂದು ಮುರಿದುಕೊಂಡು ಒಳಗೆ ಹೋದರು. ಮಧ್ಯಾಹ್ನದ ಊಟಕ್ಕೆ ಅದರ ಬಡ್ಡಿ ಬಂತು. ಪಟ್ಟಿಯಲ್ಲಿ ಇಲ್ಲದ ಅಪ್ಪೆಹುಳಿ, ಒಂದೆಲಗದ ತಂಬುಳಿ, ಮುರುಗಲು ಹಣ್ಣಿನ ಕಡಿ. ಕಡಿಯ ಬಣ್ಣ ನೋಡಿ ಶರಬತ್ತು ಅಂದುಕೊಂಡ ಇವರು ಒಂದೇ ಗುಟುಕಿಗೆ ಕುಡಿದರು. ಬೆಳ್ಳುಳ್ಳಿ ಮೂಗಿಗೆ ಹತ್ತಿತು. ಕರಾವಳಿಯ ರೆಸಾರ್ಟುಗಳಲ್ಲಿ ಸಸ್ಯಾಹಾರಿಗಳು ಮೆನು ಕಾರ್ಡು ನೋಡಿ ಗೋಬಿ ಮಂಚೂರಿ ತರಿಸಿಕೊಳ್ಳುವುದಕ್ಕಿಂತ, ಅಡುಗೆಯವರು ತಮಗೆ ಏನು ಮಾಡಿಕೊಂಡಿದ್ದಾರೆ ಅಂತ ಕೇಳುವುದು ಮೇಲು.

ಹನ್ನೊಂದರಿಂದ ನಾಲ್ಕರವರೆಗೆ ದಂಡೆಯ ಮೇಲೆ ಕಾಲಿಡಲು ಆಗುವುದಿಲ್ಲ. ಮರಳು ಕಾದ ಹಂಚು. ನಾನು ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗಿದೆ. ಪುಸ್ತಕ ತಂದಿದ್ದೆ, ತೆಗೆಯಲಿಲ್ಲ. ಕುಕ್ಕರ್ ಸೀಟಿ ಇಲ್ಲ, ಗೇಟಿನ ಸದ್ದಿಲ್ಲ. ಮೊದಲ ಒಂದು ತಾಸು, ಏನೋ ಮಾಡಬೇಕಿತ್ತಲ್ಲ, ಏನದು ಅಂತ ತಲೆ ಹುಡುಕುತ್ತಲೇ ಇತ್ತು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ. ಹಾಲಿನವನಿಗೆ ಹೇಳಿದ್ದೇನೋ ಇಲ್ಲವೋ. ಆಮೇಲೆ ನಿದ್ದೆ ಬಂತು.

ಇವರಿಗೆ ಜೋಲಿ ಒಗ್ಗಲಿಲ್ಲ. ಎರಡು ಸಲ ಹತ್ತಿ ಮೂರನೇ ಸಲ ಆಚೆ ಬದಿಗೆ ಬಿದ್ದರು. ಎದ್ದು ಮರಳು ಕೊಡವಿಕೊಂಡು, ಬೆಳಗಿನ ಹಿರಿಯರು ಬಲೆ ಹೊಲಿಯುತ್ತಿದ್ದ ಚಪ್ಪರಕ್ಕೆ ಹೋದರು. ನನಗೆ ಎಚ್ಚರವಾದಾಗಲೂ ಅಲ್ಲೇ ಇದ್ದರು. ಚಹಾ ತೆಗೆದುಕೊಂಡು ಹೋದರೆ ಮಾತು ನೀರಿನ ಮೇಲೆ ನಡೆದಿತ್ತು. ಬೇಡ್ತಿಯನ್ನು ವರದಾ ನದಿಗೆ ಜೋಡಿಸಿ ಹಾವೇರಿ, ಗದಗ ಕಡೆ ನೀರು ಒಯ್ಯುವ ಯೋಜನೆಯ ವಿಷಯ.

"ನೀವು ನೀರು ಮೇಲೆ ಹಿಡಿದ್ರೆ ಇಲ್ಲಿ ಉಪ್ಪು ಒಳಗೆ ಬರ್ತದೆ" ಅಂದರು ಹಿರಿಯರು, ಕೈಯ ಸೂಜಿ ನಿಲ್ಲಿಸದೆ. "ಬೇಸಿಗೆಗೆ ಈಗಲೇ ಬಾವಿ ನೀರು ಸಪ್ಪೆ ಉಳಿದಿಲ್ಲ. ಹೊಳೆ ತಳ್ಳಿದ್ರೆ ಸಮುದ್ರ ಆಚೆ ನಿಲ್ತದೆ. ಹೊಳೆ ಸೋತ್ರೆ ಅದು ಒಳಗೆ ಬರ್ತದೆ."

ಇವರ ಮನೆತನದ ಹೊಲ ಇರುವುದು ಅಣ್ಣಿಗೇರಿಯಲ್ಲಿ. ಏಪ್ರಿಲಿನಲ್ಲಿ ಅಲ್ಲಿ ಟ್ಯಾಂಕರಿಗೆ ಕಾಯುವುದನ್ನು ನೋಡಿ ಬೆಳೆದವರು. "ನಮ್ಮ ಕಡೆ ಕುಡಿಯಾಕ ಇಲ್ಲರೀ" ಅಂದರು.

"ಹೌದು, ಅದೂ ಖರೆ" ಅಂದರು ಹಿರಿಯರು.

ಇಬ್ಬರೂ ವಾದ ಗೆಲ್ಲಲು ಹೋಗಲಿಲ್ಲ. ಸಮುದ್ರಕ್ಕೆ ಹರಿಯುವ ನೀರು ದಂಡ ಅನ್ನುವ ಮಾತನ್ನು ನಮ್ಮ ಕಡೆ ನಾನೂ ಎಷ್ಟೋ ಸಲ ಆಡಿದ್ದೇನೆ. ಅಳಿವೆಯ ದಂಡೆಯಲ್ಲಿ, ಬಲೆ ಹೊಲಿಯುವವರ ಎದುರಿಗೆ ಕುಳಿತು ಅದನ್ನು ಆಡಲು ಬಾಯಿ ಬರಲಿಲ್ಲ. ನನ್ನ ಮಟ್ಟಿಗೆ ಆ ಮಾತು ಅಲ್ಲಿಗೆ ಮುಗಿಯಿತು. ಅಣ್ಣಿಗೇರಿಯ ಟ್ಯಾಂಕರಿಗೆ ಇನ್ನೊಂದು ದಾರಿ ಹುಡುಕಬೇಕು.

ಐದಕ್ಕೆ ಅಳಿವೆಯ ಕಡೆ ನಡೆದೆವು. ನೀರು ಇಳಿದಿತ್ತು. ಒದ್ದೆ ಮರಳಿನ ತುಂಬ ಸಣ್ಣ ಸಣ್ಣ ಉಂಡೆಗಳು, ರಂಗೋಲಿಯ ಚುಕ್ಕಿ ಇಟ್ಟಿದ್ದರು ಯಾರೋ. ಮರಳೇಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿ ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಹೆಜ್ಜೆ ಸದ್ದಿಗೆ ಎಲ್ಲವೂ ಒಮ್ಮೆಲೇ ಬಿಲದೊಳಗೆ. ಸುಮ್ನೆ ನಿಂತರೆ ನಿಧಾನಕ್ಕೆ ಒಂದೊಂದೇ ಹೊರಗೆ. ಇವರು ಬಹಳ ಹೊತ್ತು ಅಲುಗದೆ ನಿಂತು ಅವನ್ನು ನೋಡಿದರು. ನಾನು ಏನೂ ಅನ್ನಲಿಲ್ಲ.

ಅಳಿವೆಯಲ್ಲಿ ನದಿ ಅಗಲವಾಗಿತ್ತು. ಸೋಮೇಶ್ವರದಲ್ಲಿ ಚಪ್ಪಲಿ ಬಿಚ್ಚದೆ ದಾಟಬಹುದಾದ ನೀರು ಇಲ್ಲಿ ಆಚೆ ದಡದ ಮಂಜಗುಣಿಯನ್ನು ಸಣ್ಣದು ಮಾಡಿತ್ತು. ಇವರು ಬಾಗಿ, ಬೊಗಸೆಯಲ್ಲಿ ತೆಗೆದು, ನಾಲಿಗೆಗೆ ಹಚ್ಚಿ ನೋಡಿದರು. "ಉಪ್ಪು" ಅಂದರು, ಸ್ವಲ್ಪ ಬೇಜಾರಿನಿಂದ. ಧಾರವಾಡದ ರುಚಿ ಬರುತ್ತದೆ ಅಂದುಕೊಂಡಿದ್ದರೋ ಏನೋ. ಆರೂವರೆ ದಾಟಿದ ಮೇಲೆ ಸೂರ್ಯ ಮುಳುಗಿದ. ಅಲ್ಲಿ ಪಾಯಿಂಟ್ ಅಂತ ಬೋರ್ಡು ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ವಾಪಸ್ಸು ಬರುವಾಗ ಕತ್ತಲಾಗಿತ್ತು. ಸಂಜೆ ಹೀಗೆ ಹೋಗುವವರು ಟಾರ್ಚ್ ಇಟ್ಟುಕೊಳ್ಳಿ, ನೀರು ಏರುವ ಹೊತ್ತು ಕೇಳಿಕೊಂಡು ಹೊರಡಿ. ನಾವು ಹೋಗುವಾಗ ನಡೆದ ಒದ್ದೆ ಮರಳು ಬರುವಾಗ ನೀರಿನ ಕೆಳಗಿತ್ತು. ಮೇಲಿನ ಸಡಿಲ ಮರಳಿನಲ್ಲಿ ಕಾಲು ಎತ್ತಿ ಎತ್ತಿ ಹಾಕಿ ಸುಸ್ತಾದೆವು.

ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಗಂಟು ಕಾಣಲಿಲ್ಲ. ರೆಸಾರ್ಟಿನ ನಾಯಿ ಗಾಳಿಮರದ ಬುಡದಲ್ಲಿ ಕುಳಿತು ಕಟಕಟ ಅಂತ ಅಗಿಯುತ್ತಿತ್ತು. ಅದಕ್ಕೆ ಗುರೆಳ್ಳು ಹಿಂಡಿ ಮಾತ್ರ ಸೇರಲಿಲ್ಲ, ಬಿಟ್ಟಿತ್ತು.

ಸೋಮವಾರ

ಗೋಕರ್ಣಕ್ಕೆ ಇಷ್ಟು ಹತ್ತಿರ ಬಂದು ಮಹಾಬಳೇಶ್ವರನ ಪ್ರಸಾದ ಒಯ್ಯದಿದ್ದರೆ ಅತ್ತೆಯವರು ಮನೆಯೊಳಗೆ ಬಿಡುವುದಿಲ್ಲ. ಬೆಳಿಗ್ಗೆ ಬೇಗ ಹೋದೆವು, ಸಾಲು ಚಿಕ್ಕದಿತ್ತು. ಗಂಡಸರು ಅಂಗಿ ಬಿಚ್ಚಿ ಪಂಚೆ ಉಟ್ಟು ಒಳಗೆ ಹೋಗಬೇಕು. ಮನೆಯಿಂದಲೇ ಪಂಚೆ ತಂದರೆ ಹೊರಗೆ ಕೊಳ್ಳುವ ತಾಪತ್ರಯ ಇಲ್ಲ. ಗುಡಿಯ ಬೀದಿಯ ಅಂಗಡಿಗಳಲ್ಲಿ ಮೊಬೈಲ್ ಪೇಮೆಂಟು ಒಮ್ಮೆ ಹೋಯಿತು, ಮೂರು ಕಡೆ ಹೋಗಲಿಲ್ಲ. ಕೈಯಲ್ಲಿ ನೋಟು ಇರಲಿ.

ವಾಪಸ್ಸು ಬರುವಾಗ ರಸ್ತೆ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ತೂಗುಹಾಕಿದ್ದರು. ಒಣಗಿದ ಸೊಪ್ಪನ್ನೇ ಜಡೆ ಹೆಣೆದು, ಜಡೆಯ ತುಂಬ ಈರುಳ್ಳಿ. ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ. ಅಡುಗೆಮನೆಯಲ್ಲಿ ಗಾಳಿಗೆ ನೇತುಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ ಅಂದರು ಮಾರುವ ಅಕ್ಕ. ಇವರು ಗಾಡಿಯಿಂದ ಇಳಿಯಲೇ ಒಪ್ಪಲಿಲ್ಲ. "ಉಳ್ಳಾಗಡ್ಡಿ ಬೆಳೆಯೋ ಮಂದಿ ನಾವು. ಇಲ್ಲಿಂದ ಉಳ್ಳಾಗಡ್ಡಿ ಒಯ್ದರ ಊರಾಗ ನಗತಾರ." ನಾನು ಎರಡು ಜಡೆ ತೆಗೆದುಕೊಂಡೆ.

ಘಟ್ಟ ಹತ್ತುವಾಗ ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತಿತ್ತು, ಒಂದು ತಾಸು ಹೋಯಿತು. ಜನ ಇಳಿದು ಚಹಾ ಇಲ್ಲದ ಚಹಾದ ಹರಟೆ ಹೊಡೆದರು. ಯಲ್ಲಾಪುರದಲ್ಲಿ ಮತ್ತೆ ಬನ್ಸ್. ಮಾಗೋಡಿನ ಬೋರ್ಡು ಬಂದಾಗ ಇವರು ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ಹಸಿವಾಗಿತ್ತು ಅಂತ ಆಮೇಲೆ ಹೇಳಿದರು.

ಮನೆಯಲ್ಲಿ ಅತ್ತೆಯವರು ಪ್ರಸಾದ ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕೆ ಇಟ್ಟರು. ಕಣ್ಣು ಈರುಳ್ಳಿ ಜಡೆಯ ಮೇಲಿತ್ತು. ಒಂದನ್ನು ಕಿತ್ತು, ಕೈಯಲ್ಲೇ ಗುದ್ದಿ ಒಡೆದು, ರೊಟ್ಟಿ ಜೊತೆ ಕಚ್ಚಿದರು. "ಖಾರನ ಇಲ್ಲ, ಇದೇನ್ ಉಳ್ಳಾಗಡ್ಡಿ" ಅಂದರು. ಇನ್ನೊಂದು ಕಿತ್ತರು. "ಎಷ್ಟಕ್ಕ ಕೊಟ್ರು?"

ಹೇಳಿದೆ. ಅಗಿಯುವುದು ನಿಂತಿತು. ಕೈ ತೊಳೆದುಕೊಂಡು ಅಣ್ಣಿಗೇರಿಗೆ, ಹೊಲ ನೋಡಿಕೊಳ್ಳುವ ಮೈದುನನಿಗೆ ಫೋನ್ ಹಚ್ಚಿದರು. "ಈ ಸಲ ಉಳ್ಳಾಗಡ್ಡಿ ಚೀಲಕ್ಕ ತುಂಬಬ್ಯಾಡಪಾ. ಜಡೀ ಹೆಣದು ಮಾರು."